ತಿಳಿಯುವ ಭಾಷೆ, ಬರೆಯುವ ಭಾಷೆ

ಮೃಗಶಿರ ಮಳೆಯ ದಿನಗಳು ಬಂದವೆಂದರೆ ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯ ಆಸುಪಾಸಿನ ಊರುಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ಮೊಳೆಯುತ್ತವೆ. ಒಂದು ತೊಗರಿಯ ಬಿತ್ತನೆಯದು. ಇನ್ನೊಂದು ಮಕ್ಕಳ ಸೀಟಿನದು. ಮಹಾಗಾಂವವಾಗಲಿ ಕಮಲಾಪುರವಾಗಲಿ, ಕಟ್ಟೆಯ ಮೇಲೆ ಕುಳಿತ ಹಿರಿಯರು ಮುಗಿಲನ್ನು ನೋಡುತ್ತಲೇ, “ನಿಮ್ಮ ಹುಡುಗಗ ಕಂಪ್ಯೂಟರ್ ಸಿಕ್ತೋ, ಎಲೆಕ್ಟ್ರಿಕಲ್ ಸಿಕ್ತೋ?” ಎಂದು ವಿಚಾರಿಸುತ್ತಾರೆ. ಕಂಪ್ಯೂಟರ್ ಎಂದರೆ ಮುಖಗಳು ಅರಳುತ್ತವೆ. ಎಲೆಕ್ಟ್ರಿಕಲ್ ಎಂದರೆ, “ಇರಲಿ ಬಿಡ್ರಿ, ಅದೂ ಛಲೋನೇ ಅದ” ಎಂಬ ಸಮಾಧಾನ ದೊರೆಯುತ್ತದೆ. ಆದರೆ ಹುಡುಗನ ಭವಿಷ್ಯವನ್ನು ನಿಜವಾಗಿ ನಿರ್ಧರಿಸುವ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಅಲ್ಲಿ ಹೇಳುವ ಪಾಠ ಅವನಿಗೆ ಯಾವ ಭಾಷೆಯಲ್ಲಿ ತಿಳಿದೀತು?

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿಯ ಕನ್ನಡ ಹುಡುಗ ಉನ್ನತ ಶಿಕ್ಷಣಕ್ಕಾಗಿ ನೋಡಬೇಕಾದದ್ದು ಹೈದರಾಬಾದಿನ ಕಡೆಗೆ. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಪಠ್ಯಗ್ರಂಥಗಳನ್ನು ಭಾಷಾಂತರಿಸುವುದಕ್ಕೆಂದೇ ಅಲ್ಲಿ ಒಂದು ಪ್ರತ್ಯೇಕ ಇಲಾಖೆಯಿತ್ತು. 1929ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜೂ ಅದೇ ಪರಂಪರೆಯಲ್ಲಿ ನಡೆಯಿತು. ಯಂತ್ರವಿದ್ಯೆಯನ್ನು ದೇಶಭಾಷೆಯಲ್ಲಿ ಹೇಳಿಕೊಡಬಹುದೆಂಬುದಕ್ಕೆ ಅದೊಂದು ದೊಡ್ಡ ನಿದರ್ಶನವೇ ಸರಿ. ಆದರೆ ಆ ದೇಶಭಾಷೆ ಮಹಾಗಾಂವದ ಕನ್ನಡ ರೈತನ ಮನೆಯ ಭಾಷೆಯಾಗಿರಲಿಲ್ಲ. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿದ ಮೇಲೆ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. ಅಜ್ಜನಿಗೊಂದು ಪರಭಾಷೆ, ಮೊಮ್ಮಗನಿಗೆ ಇನ್ನೊಂದು ಪರಭಾಷೆ!

ಬಾಗಿಲುಗಳೇನೋ ಒಂದೊಂದಾಗಿ ತೆರೆದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಮೊದಲ ದಿನಗಳಿಂದಲೂ ಅಲ್ಲಿ ಸಿವಿಲ್, ಮೆಕ್ಯಾನಿಕಲ್‌ಗಳೊಡನೆ ಎಲೆಕ್ಟ್ರಿಕಲ್ ವಿಭಾಗವಿತ್ತು. 2012ರ 98ನೆಯ ಸಂವಿಧಾನ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿನ ಮಕ್ಕಳಿಗೆ ಮೀಸಲಾದವು. ರಾಜ್ಯದ ಉಳಿದೆಡೆ ನೂರಕ್ಕೆ 8. ಹೀಗೆ ಸೀಟಿನ ಹೊಸ್ತಿಲನ್ನು ದಾಟುವುದು ಸುಲಭವಾಯಿತು. ಇನ್ನೊಂದು ಹೊಸ್ತಿಲು ಮಾತ್ರ ಹಾಗೆಯೇ ಉಳಿದಿದೆ. ಅದು ಮೊದಲನೆಯ ಸೆಮಿಸ್ಟರಿನ ತರಗತಿಯ ಹೊಸ್ತಿಲು.

ಹತ್ತು ವರ್ಷ ಕನ್ನಡ ಶಾಲೆಯಲ್ಲಿ ಓದಿ, ಪಿ.ಯು.ಸಿ.ಯ ಎರಡು ವರ್ಷಗಳಲ್ಲಿ ಇಂಗ್ಲಿಷಿನೊಡನೆ ಗುದ್ದಾಡಿ ಬಂದ ಹುಡುಗನನ್ನು ಕೇಳಿ ನೋಡಿ. “ತಿಳೀತದ್ರಿ ಸರ್, ಆದ್ರ ಬರೀಲಾಕ ಬರಲ್ಲ” ಎನ್ನುತ್ತಾನೆ. ಈ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಬೇಕು. ತಿಳಿಯದಿರುವುದು ಒಂದು ರೋಗ, ಬರೆಯಲಾಗದಿರುವುದು ಇನ್ನೊಂದು. ನಾವು ಎರಡಕ್ಕೂ ‘ದಡ್ಡತನ’ವೆಂಬ ಒಂದೇ ಹೆಸರನ್ನಿಟ್ಟು ಕೈತೊಳೆದುಕೊಳ್ಳುತ್ತೇವೆ. ಕೆಲವು ತಿಂಗಳು ಕಳೆಯುವುದರೊಳಗೆ ಹುಡುಗನೂ ಅದನ್ನು ನಂಬತೊಡಗುತ್ತಾನೆ. ಹೊಲವನ್ನು ಒತ್ತೆಯಿಟ್ಟು ಶುಲ್ಕ ಕಟ್ಟಿದ ತಂದೆಯ ಎದುರಿಗೆ, ಉಳಿದುಹೋದ ವಿಷಯಗಳ ಪಟ್ಟಿಯನ್ನು ಹಿಡಿದು ನಿಲ್ಲುವ ದಿನ ಬರುತ್ತದೆ. ಆ ದಿನ ಸೋತದ್ದು ಅವನ ಬುದ್ಧಿಯಲ್ಲ, ವಾಕ್ಯರಚನೆ.

ವಾಸ್ತವವಾಗಿ ಈ ಹುಡುಗ ತರಗತಿಗೆ ಬರಿಗೈಯಲ್ಲಿ ಬಂದಿರುವುದಿಲ್ಲ. ‘ತ್ರೀ ಫೇಸ್’ ಎಂಬುದು ನಗರದ ಹುಡುಗನಿಗೆ ಪುಸ್ತಕದಲ್ಲಿ ಸಿಕ್ಕುವ ಶಬ್ದ. ಹಳ್ಳಿಯ ಹುಡುಗನಿಗೋ, ಅದು ನಡುರಾತ್ರಿಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಕಾದ ಸಂಗತಿ. ಮೂರು ಫೇಸುಗಳಲ್ಲಿ ಒಂದು ಕೈಕೊಟ್ಟರೆ ಪಂಪಿನ ಮೋಟರು ತಿರುಗದೆ ‘ಗುಂಯ್’ ಎನ್ನುತ್ತದೆಂಬುದನ್ನೂ, ಕೂಡಲೇ ಸ್ಟಾರ್ಟರನ್ನು ಆರಿಸದಿದ್ದರೆ ಸುರುಳಿ ಸುಟ್ಟುಹೋಗುತ್ತದೆಂಬುದನ್ನೂ ಅವನು ಬಾಲ್ಯದಿಂದ ಬಲ್ಲ. ಅವನಿಗೆ ಬೇಕಾದದ್ದು ಕಾರಣದ ವಿವರಣೆ. ಅದು ಕನ್ನಡದಲ್ಲಿ ಹೇಳಲಾಗದ್ದೇನೂ ಅಲ್ಲ. ಮೂರು ತಂತಿಗಳಲ್ಲಿಯೂ ಹರಿಯುವುದು ಏರಿಳಿಯುವ ಪ್ರವಾಹ. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತ. ಆದರೆ ಒಂದರ ಬೆನ್ನಿಗೆ ಒಂದು, ಆವರ್ತದ ಮೂರನೆಯ ಒಂದು ಭಾಗದಷ್ಟು ತಡವಾಗಿ ಏರುತ್ತದೆ. ಈ ಸರದಿಯ ಫಲವಾಗಿ ಮೋಟರಿನೊಳಗಿನ ಕಾಂತಕ್ಷೇತ್ರವು ಸುತ್ತತೊಡಗುತ್ತದೆ. ಅದರ ಬೆನ್ನುಹತ್ತಿ ರೋಟರು ಸುತ್ತುತ್ತದೆ. ಒಂದು ಫೇಸು ಹೋದರೆ ಕ್ಷೇತ್ರವು ಸುತ್ತುವ ಬದಲು ಅತ್ತಿಂದಿತ್ತ ತೂಗುತ್ತದೆ. ನಿಂತ ಮೋಟರಿಗೆ ಯಾವ ಕಡೆಗೆ ಹೊರಡಬೇಕೆಂಬುದು ತೋಚದು. ಅಲ್ಲಿಯೇ ನಡುಗುತ್ತ ಬಿಸಿಯಾಗುತ್ತದೆ. ಇಷ್ಟನ್ನು ಒಮ್ಮೆ ತನ್ನ ಭಾಷೆಯಲ್ಲಿ ಕೇಳಿದ ಹುಡುಗ ಇಂಗ್ಲಿಷ್ ಪುಸ್ತಕದ ಆ ಪುಟವನ್ನು ತೆರೆದಾಗ ಅದು ಹಳೆಯ ಪರಿಚಯದ ಮುಖದಂತೆ ಕಾಣುವುದು.

ಕಂಪ್ಯೂಟರಿನ ಮಾತೂ ಹೀಗೆಯೇ. ಚಮ್ಮಾರನ ಮಗನಾಗಿ ಹುಟ್ಟಿ, ಬಹುಮಟ್ಟಿಗೆ ಸ್ವಂತ ಶ್ರಮದಿಂದಲೇ ಓದಿ ವಿದ್ವಾಂಸನಾದ ಇಂಗ್ಲೆಂಡಿನ ಜಾರ್ಜ್ ಬೂಲ್ 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತರ್ಕವನ್ನು ಬೀಜಗಣಿತದಂತೆ ಬರೆಯುವ ವಿಧಾನವನ್ನು ವಿವರಿಸಿದನು. ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶ್ಯಾನನ್ 1937ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಆ ತರ್ಕವನ್ನು ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಿದನು. ಇಂದಿನ ಗಣಕಯಂತ್ರಗಳ ವಿನ್ಯಾಸಕ್ಕೆ ತಳಹದಿಯಾದದ್ದು ಆ ಪ್ರಬಂಧ. ಕಂಪ್ಯೂಟರಿನ ಬೇರು ಎಲೆಕ್ಟ್ರಿಕಲ್ಲಿನ ಹೊಲದಲ್ಲಿಯೇ ಇದೆಯೆಂಬುದನ್ನು ಮಗನಿಗೆ ‘ಬರೀ ಎಲೆಕ್ಟ್ರಿಕಲ್’ ಸಿಕ್ಕಿತೆಂದು ನಿಟ್ಟುಸಿರಿಡುವ ತಂದೆತಾಯಂದಿರು ನೆನಪಿನಲ್ಲಿಡುವುದು ಒಳ್ಳೆಯದು.

ಆ ತರ್ಕಕ್ಕೆ ಬೇಕಾದ ಮೂಲ ಪದಗಳಾದರೂ ಎಷ್ಟು? ಮೂರೇ ಮೂರು: ಮತ್ತು, ಅಥವಾ, ಅಲ್ಲ. ‘ಮಳೆಯೂ ಬಿದ್ದು, ಬೀಜವೂ ಕೈಯಲ್ಲಿದ್ದರೆ ಬಿತ್ತನೆ’ ಎಂದರೆ ಮೊದಲನೆಯದು. ಒಂದೇ ತಂತಿಯಲ್ಲಿ ಒಂದರ ಮುಂದೊಂದು ಎರಡು ಸ್ವಿಚ್ಚುಗಳನ್ನಿಟ್ಟಂತೆ. ಎರಡನ್ನೂ ಒತ್ತಿದರೆ ಮಾತ್ರ ದೀಪ ಹತ್ತುವುದು. ‘ಬಸ್ಸಾದರೂ ಸರಿ, ಟಂಟಮ್ ಆದರೂ ಸರಿ, ಸಿಕ್ಕರೆ ಕಲಬುರಗಿ ಮುಟ್ಟಿದೆವು’ ಎಂದರೆ ಎರಡನೆಯದು. ಸ್ವಿಚ್ಚುಗಳನ್ನು ಅಕ್ಕಪಕ್ಕದ ಎರಡು ದಾರಿಗಳಲ್ಲಿ ಇಟ್ಟಂತೆ. ಕರೆಂಟು ಹೋದೊಡನೆ ತಾನಾಗಿ ಹತ್ತುವ ದೀಪವಿದೆಯಲ್ಲ, ಅದು ಮೂರನೆಯದು. ಕನ್ನಡದ ಒಂದು ‘ಊ’ಕಾರದಲ್ಲಿ, ಒಂದು ‘ಆದರೂ’ವಿನಲ್ಲಿ ಅಡಗಿದ ಈ ಸೂಕ್ಷ್ಮವನ್ನು ನಮ್ಮ ಹಳ್ಳಿಯ ಅಜ್ಜಿಯೂ ತಪ್ಪಿಲ್ಲದೆ ಬಳಸುತ್ತಾಳೆ. ಮೊಮ್ಮಗನಿಗೆ ಇದು ಅಸಾಧ್ಯವೆಂದು ಹೇಳುವುದು ಯಾವ ನ್ಯಾಯ?

ಹಾಗಾದರೆ ಇಂಜಿನಿಯರಿಂಗನ್ನು ಪೂರ್ತಿಯಾಗಿ ಕನ್ನಡದಲ್ಲಿಯೇ ಓದಿಸಬಾರದೇಕೆ ಎಂದು ವಾಚಕರು ಕೇಳಬಹುದು. ಪ್ರಯತ್ನ ನಡೆಯದೆ ಇಲ್ಲ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಬೋಧನೆಗೆ ಅನುಮತಿಯಿತ್ತಿತು. ನಮ್ಮ ನೆರೆಯ ಬೀದರ ಜಿಲ್ಲೆಯ ಭಾಲ್ಕಿಯ ಕಾಲೇಜೊಂದು ಅದಕ್ಕೆ ಮುಂದಾದವುಗಳಲ್ಲಿ ಒಂದು. ಆದರೆ ಕನ್ನಡ ಮಾಧ್ಯಮವನ್ನು ಆರಿಸಿಕೊಳ್ಳಲು ವಿದ್ಯಾರ್ಥಿಗಳು ಮುಂದೆ ಬರಲಿಲ್ಲ. ಅವರನ್ನು ಹಳಿಯುವುದು ಸುಲಭ. ನೌಕರಿಯ ಸಂದರ್ಶನ ಇಂಗ್ಲಿಷಿನಲ್ಲಿ, ಮೇಲಿನ ಓದಿನ ಗ್ರಂಥಗಳು ಇಂಗ್ಲಿಷಿನಲ್ಲಿ ಇರುವಾಗ ಸಾಲ ಮಾಡಿದ ತಂದೆ ಮಗನನ್ನು ಪ್ರಯೋಗಕ್ಕೆ ಒಡ್ಡಲು ಹಿಂಜರಿದರೆ ಅದು ಭಾಷಾದ್ರೋಹವಲ್ಲ, ಸಂಸಾರಿಯ ಎಚ್ಚರ.

ಆದುದರಿಂದ ಸದ್ಯಕ್ಕೆ ನಡುದಾರಿಯೇ ಲೇಸು: ತಿಳಿಯುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಅಧ್ಯಾಪಕರು ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಅದೇ ಪಾಠದ ಸಾರವನ್ನು ಕನ್ನಡದಲ್ಲಿ ಹೇಳಲಿ. ವೋಲ್ಟೇಜ್, ಡಯೋಡ್ ಮೊದಲಾದ ಪದಗಳು ಹಾಗೆಯೇ ಇರಲಿ. ವಕೀಲ, ಜಮೀನು, ದವಾಖಾನೆಗಳನ್ನು ಅರಗಿಸಿಕೊಂಡ ನಮ್ಮ ನುಡಿಗೆ ಇವು ಭಾರವಲ್ಲ. ಪದ ಎಲ್ಲಿಯದಾದರೇನು, ವಾಕ್ಯ ನಮ್ಮದಾಗಿದ್ದರೆ ವಿಷಯವೂ ನಮ್ಮದಾಗುತ್ತದೆ. ವಿದ್ಯಾರ್ಥಿಯು ಟಿಪ್ಪಣಿ ಪುಸ್ತಕದ ಎಡಪುಟದಲ್ಲಿ ತನಗೆ ತಿಳಿದುದನ್ನು ಕನ್ನಡದಲ್ಲಿ ಬರೆದು, ಬಲಪುಟದಲ್ಲಿ ಅದನ್ನೇ ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವ ಅಭ್ಯಾಸವನ್ನಿಟ್ಟುಕೊಳ್ಳಲಿ. ಎಡಪುಟ ಖಾಲಿಯಿದ್ದರೆ ತಿಳಿದಿಲ್ಲವೆಂದು ಅರ್ಥ; ಬಲಪುಟ ಖಾಲಿಯಿದ್ದರೆ ಭಾಷೆಯ ಅಭ್ಯಾಸ ಸಾಲದೆಂದು ಅರ್ಥ. ರೋಗ ಯಾವುದೆಂದು ಗೊತ್ತಾದರೆ ಔಷಧವೂ ದೊರೆಯುತ್ತದೆ.

ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳ ತಂದೆತಾಯಂದಿರಲ್ಲಿ ಒಂದು ವಿನಂತಿ. ನಿಮ್ಮ ಮಗನ ಅಥವಾ ಮಗಳ ಪಕ್ಕದ ಬೆಂಚಿನಲ್ಲಿ ಮಹಾಗಾಂವದಂತಹ ಊರಿನ ಹುಡುಗನೋ ಹುಡುಗಿಯೋ ಮೌನವಾಗಿ ಕುಳಿತಿರಬಹುದು. ಆ ಮೌನವನ್ನು ಅಜ್ಞಾನವೆಂದು ಭಾವಿಸಬಾರದೆಂದು ನಿಮ್ಮ ಮಕ್ಕಳಿಗೆ ತಿಳಿಸಿರಿ. ಇವರು ಅವರ ವಾಕ್ಯಗಳನ್ನು ತಿದ್ದಿಕೊಡಲಿ; ಅವರಿಂದ ಮೋಟರಿನ ‘ಗುಂಯ್’ ಸದ್ದಿನ ಕಥೆಯನ್ನು ಕೇಳಿಕೊಳ್ಳಲಿ. ಈ ವ್ಯಾಪಾರದಲ್ಲಿ ಇಬ್ಬರಿಗೂ ಲಾಭವೇ ಹೊರತು ನಷ್ಟವಿಲ್ಲ.