ನಮ್ಮೂರ ಹೆಸರಿನ ಕ್ಷೇತ್ರ

2008ನೆಯ ಇಸವಿಯ ಮಾರ್ಚ್ ತಿಂಗಳು. ಪಾಠವು ಮುಗಿದ ಮೇಲೆ ಹುಡುಗನೊಬ್ಬನು ಎದ್ದುನಿಂತು, “ಸರ್, ನಮ್ಮ ಗುಳೇದಗುಡ್ಡದ ಕ್ಷೇತ್ರ ಹೋತಂತಲ್ರೀ, ಅದು ಎಲ್ಲಿಗೆ ಹೋತ್ರಿ?” ಎಂದು ಕೇಳಿದನು. ಊರು ಇಲ್ಲಿಯೇ ಇದೆ, ಹೆಸರು ಮಾತ್ರ ಹೋಗಿದೆ ಎಂದು ನಾನು ಹೇಳಿದೆನು. ಉತ್ತರವು ಅವನಿಗೆ ಸಾಲಲಿಲ್ಲ. ಸತ್ಯವಾಗಿ ನುಡಿಯುವದಾದರೆ ನನಗೂ ಸಾಲಲಿಲ್ಲ. ಆ ಸಾಲವನ್ನು ಇಂದು ಈ ಪುಟದಲ್ಲಿ ತೀರಿಸಬೇಕೆಂದಿರುವೆನು.

‘ಕ್ಷೇತ್ರ’ವೆಂಬ ಶಬ್ದವು ‘ನೆಲಸು’ ಎಂಬರ್ಥದ ‘ಕ್ಷಿ’ ಧಾತುವಿನಿಂದ ಹುಟ್ಟಿದುದು. ಒಕ್ಕಲಿಗನಿಗೆ ಅದು ಹೊಲ, ಯಾತ್ರಿಕನಿಗೆ ಪುಣ್ಯಸ್ಥಳ, ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಈ ದೇಹವೇ ಕ್ಷೇತ್ರ. ಜರ್ಮನರು ಮತಕ್ಷೇತ್ರಕ್ಕೆ ‘ವಾಲ್‌ಕ್ರೈಸ್’ ಎನ್ನುವರು. ಆರಿಸುವ ವರ್ತುಲವೆಂದು ಅದರ ಅರ್ಥ. ನಮ್ಮ ಶಬ್ದವು ಹೆಚ್ಚು ಆತ್ಮೀಯ, ಅವರದು ಹೆಚ್ಚು ಪ್ರಾಮಾಣಿಕ. ವರ್ತುಲವನ್ನು ಅಳಿಸಿ ಬೇರೆಡೆ ಬರೆಯಬಹುದಲ್ಲವೆ!

ಬರೆಯುವದೂ ಅಳಿಸುವದೂ ನಮ್ಮಲ್ಲಿ ಮೊದಲಿನಿಂದ ನಡೆದಿದೆ. 1952ರಲ್ಲಿ ನಾವಿನ್ನೂ ಮುಂಬಯಿ ಪ್ರಾಂತದವರು. ಲೋಕಸಭೆಗೆ ನಮ್ಮದು ‘ವಿಜಾಪುರ ದಕ್ಷಿಣ’ವೆಂಬ ಕ್ಷೇತ್ರ. ಆ ಸಲವೂ 1957ರಲ್ಲಿಯೂ ರಾಮಪ್ಪ ಬಾಳಪ್ಪ ಬಿದರಿಯವರು ಆರಿಸಿಬಂದರು. 1962ರಲ್ಲಿ ಎಸ್.ಬಿ. ಪಾಟೀಲರು ಬಂದರು. 1967ರಲ್ಲಿ ಕ್ಷೇತ್ರಕ್ಕೆ ‘ಬಾಗಲಕೋಟೆ’ ಎಂಬ ಹೆಸರಾಯಿತು. ಪಾಟೀಲರು ಮಾತ್ರ ಬದಲಾಗದೆ 1977ರವರೆಗೂ ಒಟ್ಟು ನಾಲ್ಕು ಸಲ ಗೆದ್ದರು.

ಆಮೇಲಿನ ಕಥೆಯು ವಿಚಿತ್ರವಾದುದು. 1980ರಿಂದ 1999ರವರೆಗೆ ಏಳು ಚುನಾವಣೆಗಳು, ಏಳು ಜನ ಪ್ರತಿನಿಧಿಗಳು. ಒಬ್ಬರನ್ನಾದರೂ ನಾವು ಎರಡನೆಯ ಸಲ ಕಳಿಸಲಿಲ್ಲ. ಅವರಲ್ಲಿ ಮೊದಲಿಗರಾದ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರೆದುರು ಸೋತವರು. ಎರಡು ವರ್ಷಗಳಲ್ಲಿ ಅವರದೇ ಪಕ್ಷದಿಂದ ಇಲ್ಲಿ ಗೆದ್ದು ಕೇಂದ್ರದ ಮಂತ್ರಿಗಳಾದರು.

1991ರ ಚುನಾವಣೆಯನ್ನು ಹಿರಿಯರು ಈಗಲೂ ಕಟ್ಟೆಯ ಮೇಲೆ ಕುಳಿತು ನೆನೆಯುತ್ತಾರೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದವರು, ಮಾತಿನಲ್ಲಿ ನಿಪುಣರು. ಅವರಿಗೆ ಎದುರಾದ ಸಿದ್ದು ನ್ಯಾಮಗೌಡರು ರೈತರನ್ನು ಕೂಡಿಸಿ, ಅವರದೇ ಹಣ ಮತ್ತು ದುಡಿಮೆಯಿಂದ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬ್ಯಾರೇಜು ಕಟ್ಟಿಸಿದವರು. ಕ್ಷೇತ್ರವು ನ್ಯಾಮಗೌಡರನ್ನು ಆರಿಸಿತು. ನನ್ನ ಮಟ್ಟಿಗೆ, ಕ್ಷೇತ್ರವೆಂದರೆ ಹೊಲವೆಂಬ ಅರ್ಥವು ನಿಜವಾದುದು ಆ ವರ್ಷವೇ.

2004ರಿಂದ 2024ರವರೆಗೆ ಐದು ಸಲವೂ ಪಿ.ಸಿ. ಗದ್ದಿಗೌಡರರು. ಹೀಗೆ ಹದಿನೆಂಟು ಚುನಾವಣೆಗಳಿಗೆ ಹತ್ತೇ ಜನರು. ಅವರಲ್ಲಿ ಐವರು ಪಾಟೀಲರು, ಹೆಣ್ಣುಮಗಳು ಒಬ್ಬಳೂ ಇಲ್ಲ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಪತ್ನಿಯು, “ಖಣ ನಮಗ, ಕುರ್ಚಿ ನಿಮಗ” ಎಂದಳು.

ಇನ್ನು ಹುಡುಗನ ಪ್ರಶ್ನೆ. ನಮ್ಮ ರಾಜ್ಯಕ್ಕೆ ಲೋಕಸಭೆಯಲ್ಲಿ 28 ಸ್ಥಾನಗಳು, ವಿಧಾನಸಭೆಯಲ್ಲಿ 224, ಭಾಗಿಸಿದರೆ ಎಂಟು. ಒಂದು ಲೋಕಸಭಾ ಕ್ಷೇತ್ರದ ಒಡಲಿನಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳು. ಒಟ್ಟು ಸಂಖ್ಯೆಯನ್ನು ಹೆಚ್ಚಿಸುವಂತಿಲ್ಲವಾದ್ದರಿಂದ ಒಂದು ಹೊಸ ಹೆಸರು ಹುಟ್ಟಿದರೆ ಎಲ್ಲಿಯೋ ಒಂದು ಹಳೆಯ ಹೆಸರು ಅಳಿಯಲೇಬೇಕು. ನ್ಯಾಯಮೂರ್ತಿ ಕುಲದೀಪ ಸಿಂಗರ ಆಯೋಗವು 2001ರ ಜನಗಣತಿಯಂತೆ ಗೆರೆಗಳನ್ನು ತಿದ್ದಿದಾಗ ನಮ್ಮ ಜಿಲ್ಲೆಯಲ್ಲಿ ತೇರದಾಳವು ಹುಟ್ಟಿತು, ಗುಳೇದಗುಡ್ಡವು ಅಳಿಯಿತು. ಹೊಸ ಗೆರೆಗಳಂತೆ ದೇಶದಲ್ಲಿಯೇ ಮೊದಲು ವಿಧಾನಸಭೆಗೆ ಮತ ಹಾಕಿದವರು 2008ರ ಮೇ ತಿಂಗಳಿನ ಕರ್ನಾಟಕದವರು. ನಮ್ಮೂರವರು ಬಾದಾಮಿ ಕ್ಷೇತ್ರದವರಾಗಿ ಹಾಕಿದೆವು.

ಇದರಿಂದ ನಷ್ಟವೇನು? ಬಾದಾಮಿಯು ನಮಗೆ ಪರವೂರಲ್ಲ. 2018ರಲ್ಲಿ ಸಿದ್ದರಾಮಯ್ಯನವರು ಇಲ್ಲಿ ನಿಂತು 1,696 ಮತಗಳ ಅಂತರದಿಂದ ಗೆದ್ದಾಗ ನಮ್ಮೂರ ಒಂದೆರಡು ಓಣಿಗಳ ಮತಕ್ಕೂ ಎಷ್ಟು ತೂಕವಿದೆಯೆಂದು ಎಲ್ಲರಿಗೂ ತಿಳಿಯಿತು. ಆದರೆ ಮಗ್ಗದ ಊರಿನ ಕಷ್ಟವು ಹೊಲದ ಊರುಗಳ ಕಷ್ಟದಂತಲ್ಲ. ನೂಲಿನ ಬೆಲೆ, ಕೂಲಿಯ ದರ, ಖಣಕ್ಕೆ ಗಿರಾಕಿ ಇಲ್ಲದ ತಿಂಗಳುಗಳು—ಇವನ್ನು ಹೇಳಿಕೊಳ್ಳಲು ಪ್ರತಿನಿಧಿಯ ಬಾಗಿಲಿಗೆ ಹೋದರೆ ಮುಂದೆ ಮಳೆ-ಬೆಳೆಯ ಅರ್ಜಿಗಳ ಸಾಲು ನಿಂತಿರುವದು. ಆ ಅರ್ಜಿಗಳೂ ನ್ಯಾಯವಾದುವೇ. 2017ರ ಆಯವ್ಯಯದಲ್ಲಿ ಗುಳೇದಗುಡ್ಡವು ತಾಲೂಕೆಂದು ಘೋಷಿತವಾಯಿತು. ಕಚೇರಿಯು ಬಂದಿತು, ಕ್ಷೇತ್ರವು ಬರಲಿಲ್ಲ.

ಜರ್ಮನಿಯವರು 299 ಕ್ಷೇತ್ರಗಳನ್ನು ಮಾಡಿಕೊಂಡು, ಒಂದರ ಜನಸಂಖ್ಯೆಯು ಸರಾಸರಿಗಿಂತ ಶೇಕಡಾ 25ಕ್ಕೂ ಹೆಚ್ಚು ಬೇರೆಯಾದರೆ ಗೆರೆಯನ್ನು ತಿದ್ದುವರು. ಮತದಾರನಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. 2023ರ ಕಾನೂನು ಸಭೆಯ ಸ್ಥಾನಗಳನ್ನು 630ಕ್ಕೆ ನಿಲ್ಲಿಸಿ, ಪಕ್ಷದ ಮತದ ಪಾಲು ಸಾಲದಿದ್ದರೆ ಕ್ಷೇತ್ರದಲ್ಲಿ ಗೆದ್ದವನಿಗೂ ಸ್ಥಾನವಿಲ್ಲವೆಂದಿತು. 2025ರ ಫೆಬ್ರುವರಿಯಲ್ಲಿ ಹಾಗೆ 23 ಜನರು ಮೊದಲಿಗರಾಗಿಯೂ ಹೊರಗೆ ಉಳಿದರು. ನಮ್ಮ ಹೆಸರಷ್ಟೇ ಹೋಯಿತು. ಅಲ್ಲಿ ಹೆಸರುಳಿದು ಆರಿಸಿದವನೇ ಸಭೆಗೆ ಹೋಗಲಿಲ್ಲ.

ಆ ಹುಡುಗನು ಈಗ ಖಣದ ಅಂಗಡಿಯನ್ನಿಟ್ಟಿದ್ದಾನೆ. ಮೊನ್ನೆ ಕಂಡಾಗ, “ಸರ್, ಮತ್ತ ಗೆರಿ ಎಳೀತಾರಂತ, ನಮ್ಮ ಹೆಸರು ಬರತದೇನ್ರೀ?” ಎಂದನು. ಹೆಂಗಸರಿಗೆ ಮೂರನೆಯ ಒಂದು ಪಾಲು ಸ್ಥಾನಗಳನ್ನಿಟ್ಟ 2023ರ ತಿದ್ದುಪಡಿಯೂ ಜನಗಣತಿಯಾಗಿ ಗೆರೆಗಳನ್ನು ತಿದ್ದಿದ ಮೇಲೆಯೇ ಜಾರಿಗೆ ಬರಬೇಕೆಂದು ಬರೆದಿದೆಯೆಂದು ತಿಳಿಸಿದೆನು. ಕರಡು ಪಟ್ಟಿಯನ್ನು ಪ್ರಕಟಿಸಿ ಜನರ ಆಕ್ಷೇಪಗಳನ್ನು ಕೇಳುವ ಪದ್ಧತಿಯು 2002ರ ಕಾಯಿದೆಯಲ್ಲಿಯೂ ಇತ್ತು. ಆಗ ನಮ್ಮ ಓಣಿಯಿಂದ ಒಂದು ಕಾಗದವೂ ಹೋಗಲಿಲ್ಲ. ಈ ಸಲ ಅರ್ಜಿಯನ್ನು ನಾನು ಬರೆದುಕೊಡುವೆನೆಂದೂ ರುಜುಗಳನ್ನು ಅವನು ಕೂಡಿಸಬೇಕೆಂದೂ ಮಾತಾಗಿದೆ.