ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ: ಚುನಾವಣಾ ಇತಿಹಾಸ

ಬೆಂಗಳೂರು ದಕ್ಷಿಣವು ರಾಜ್ಯದ ಅಲೆಗೆ ವಿರುದ್ಧವಾಗಿ ಮತ ನೀಡಿದ ಇತಿಹಾಸವುಳ್ಳ ಕ್ಷೇತ್ರವಾಗಿದೆ. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ ಪಾಲಾದರೂ ಇಲ್ಲಿ ಜನತಾ ಪಕ್ಷದ ಕೆ. ಎಸ್. ಹೆಗ್ಡೆ ಗೆದ್ದು, ಲೋಕಸಭಾಧ್ಯಕ್ಷರಾದರು. 1980ರಲ್ಲಿ ಟಿ. ಆರ್. ಶಾಮಣ್ಣ ಆಯ್ಕೆಯಾದಾಗ, ಕಾಂಗ್ರೆಸ್ಸಿಗೆ ದಕ್ಕದ ರಾಜ್ಯದ ಏಕೈಕ ಕ್ಷೇತ್ರ ಇದಾಗಿತ್ತು. ಅಂದಿನಿಂದ ಕಾಂಗ್ರೆಸ್ ಗೆದ್ದದ್ದು ಒಮ್ಮೆ ಮಾತ್ರ: 1989ರಲ್ಲಿ, ಮಾಜಿ ಮುಖ್ಯಮಂತ್ರಿ ಆರ್. ಗುಂಡೂರಾವ್ ಸ್ಪರ್ಧಿಸಿದಾಗ.

1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರ ಗೆಲುವಿನೊಂದಿಗೆ ಕ್ಷೇತ್ರವು ಭಾರತೀಯ ಜನತಾ ಪಕ್ಷದ ವಶವಾಯಿತು. 1996ರಿಂದ ಅನಂತಕುಮಾರ್ ಸತತ ಆರು ಬಾರಿ ಗೆದ್ದರು. 2014ರಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ನಂದನ್ ನಿಲೇಕಣಿಯವರೂ ಅವರೆದುರು 2 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಪೈಪೋಟಿಯು ಕ್ರಮೇಣ ಪಕ್ಷದೊಳಗಿನ ಟಿಕೆಟ್ ಹಂಚಿಕೆಗೆ ಸರಿಯಿತು. 2019ರಲ್ಲಿ ದಿವಂಗತ ಅನಂತಕುಮಾರರ ಪತ್ನಿಯ ಬದಲು ತೇಜಸ್ವಿ ಸೂರ್ಯರಿಗೆ ಟಿಕೆಟ್ ದೊರೆತದ್ದು ಫಲಿತಾಂಶಕ್ಕಿಂತ ಹೆಚ್ಚು ಚರ್ಚೆಗೊಳಗಾಯಿತು. 2024ರಲ್ಲಿ ಅವರು ಪುನರಾಯ್ಕೆಯಾದಾಗ ಅರ್ಧದಷ್ಟು ಮತದಾರರು ಮತಗಟ್ಟೆಗೇ ಬಂದಿರಲಿಲ್ಲ.