ಒಲೆಯ ಹೊಗೆ, ಉಬ್ಬಸ ಮತ್ತು ಜೀವಿರೋಧಕ ಔಷಧ

ಕಪಿಲೆಯ ದಡದ ನಂಜನಗೂಡು, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಸೌದೆ ಬೆರಣಿಗಳ ಹೊಗೆಯಲ್ಲಿ ಅರ್ಧ ಆಯುಷ್ಯವನ್ನು ಕಳೆದ ತಾಯಂದಿರ ಕೆಮ್ಮು, ಬೀಡಿ ಸೇದುವವನ ಕೆಮ್ಮಿಗಿಂತ ಕಡಮೆಯದೇನಲ್ಲ. ಗ್ಯಾಸು ಬಂದ ಮನೆಗಳಲ್ಲಿಯೂ ಬಚ್ಚಲ ಒಲೆ ಇನ್ನೂ ಆರಿಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಲೆಕ್ಕವನ್ನೇ ಒದಗಿಸಿತು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಬಂದ ಅಂಕೆ 60ನ್ನು ಮುಟ್ಟಿತೆಂದರೆ, ಶ್ವಾಸನಾಳಗಳ ದೀರ್ಘಕಾಲದ ಉರಿಯೂತದ ಅಪಾಯವು ಗಣನೀಯವಾಗುತ್ತದೆ. ದಿನಕ್ಕೆ 4 ಗಂಟೆಯಂತೆ 15 ವರ್ಷ ಸಾಕು. ಹದಿನೆಂಟಕ್ಕೆ ಮದುವೆಯಾಗಿ ಒಲೆಯ ಮುಂದೆ ಕುಳಿತವಳಿಗೆ ಆಗಿನ್ನೂ 33!

ರೋಗವು ಉಲ್ಬಣಿಸಿದಾಗ ಸ್ಟೀರಾಯ್ಡು ಬೇಗನೆ ಉಪಶಮನ ನೀಡುವುದು ನಿಜ. ಆದರೆ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಅಡಗಿದ್ದ ಕ್ಷಯವು ತಲೆಯೆತ್ತಬಹುದು. ಹೀಗಿರಲು, ಇದರ ಬದಲು ಜೀವಿರೋಧಕವನ್ನೇ, ಎಂದರೆ ಆಂಟಿಬಯಾಟಿಕನ್ನೇ, ಏಕೆ ಕೊಡಬಾರದು?

ಪ್ರಶ್ನೆ ಹುಚ್ಚಿನದಲ್ಲ. 1980ರ ದಶಕದಲ್ಲಿ ಜಪಾನಿನ ಕುಡೋಹ್ ಮತ್ತು ಸಂಗಡಿಗರು ಎರಿತ್ರೊಮೈಸಿನ್ನನ್ನು ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟು, ಸಣ್ಣ ಶ್ವಾಸನಾಳಗಳ ಮಾರಕ ಉರಿಯೂತವೊಂದನ್ನು ಹತೋಟಿಗೆ ತಂದರು. ಸೋಜಿಗವೆಂದರೆ, ಆ ಔಷಧಕ್ಕೆ ಜಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯವು ಕಫದಲ್ಲಿದ್ದ ರೋಗಿಗಳೂ ಚೇತರಿಸಿಕೊಂಡರು. ಔಷಧವು ಉರಿಯೂತವನ್ನೇ ತಗ್ಗಿಸಿತ್ತು. 2011ರಲ್ಲಿ ಅಮೆರಿಕದಲ್ಲಿ 1,142 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ವರ್ಷವಿಡೀ ದಿನಕ್ಕೆ 250 ಮಿಲಿಗ್ರಾಂ ಅಜಿತ್ರೊಮೈಸಿನ್ ಪಡೆದವರಲ್ಲಿ ರೋಗದ ಉಲ್ಬಣವು ವರ್ಷಕ್ಕೆ 1.83ರ ಬದಲು 1.48 ಆಯಿತು. ಆದರೆ ಗಮನಿಸಿ: ಅವರು ತಮ್ಮ ಇತರ ಔಷಧಗಳನ್ನು ಬಿಟ್ಟಿರಲಿಲ್ಲ. ಶ್ರವಣಶಕ್ತಿ ಕುಂದಿದವರೂ ನೂರಕ್ಕೆ 20ರಿಂದ 25ಕ್ಕೆ ಏರಿದರು.

ಹಳೆಯ ಪಾಠವೊಂದನ್ನೂ ಮರೆಯಲಾಗದು. ಹಿಂದೊಮ್ಮೆ ಟ್ರೋಲಿಯಾಂಡೊಮೈಸಿನ್ ಎಂಬ ಜೀವಿರೋಧಕವು ಆಸ್ತಮಾ ರೋಗಿಗಳ ಸ್ಟೀರಾಯ್ಡನ್ನು ಇಳಿಸುತ್ತದೆಂದು ವೈದ್ಯರು ಹಿಗ್ಗಿದ್ದರು. ಅದು ಮುಖ್ಯವಾಗಿ ಮೀಥೈಲ್ ಪ್ರೆಡ್ನಿಸೊಲೋನ್ ದೇಹದಲ್ಲಿ ವಿಘಟನೆಯಾಗದಂತೆ ತಡೆದು, ಕೊಟ್ಟ ಅಲ್ಪವನ್ನೇ ಅಧಿಕವಾಗಿಸುತ್ತಿತ್ತೆಂಬುದು ಬಳಿಕ ತಿಳಿಯಿತು. ಬದಲಿಯೆಂದುಕೊಂಡದ್ದು ಮಾರುವೇಷವಾಗಿತ್ತು.

ಆದುದರಿಂದ, ಪದೇಪದೇ ಉಲ್ಬಣಿಸುವ ಕೆಲವು ರೋಗಿಗಳಿಗೆ ಜೀವಿರೋಧಕವು ಸಹಾಯಕನಾಗಬಹುದೇ ಹೊರತು ಸ್ಟೀರಾಯ್ಡಿನ ಉತ್ತರಾಧಿಕಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವುದಂತೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನು ನಾವೇ ಸಾಕಿದಂತೆ. ಕಫದಲ್ಲಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಂಡು, ಕಿವಿಯನ್ನೂ ಹೃದಯದ ಲಯವನ್ನೂ ಪರೀಕ್ಷಿಸಿದ ಮೇಲೆಯೇ ವೈದ್ಯರು ಇದನ್ನು ಆರಂಭಿಸಬೇಕು.

ಅಷ್ಟರೊಳಗೆ ವಿದ್ಯಾರ್ಥಿಗಳು ತಮ್ಮ ತಾಯಿಯ, ಅಜ್ಜಿಯ ಅಂಕೆಯನ್ನು ಇಂದು ಸಂಜೆಯೇ ಗುಣಿಸಿ ನೋಡಬಹುದು. ಅದು 60ನ್ನು ದಾಟಿ ಕೆಮ್ಮೂ ಇದ್ದರೆ, ಆಸ್ಪತ್ರೆಗೆ ಕರೆದೊಯ್ದು ಉಸಿರಿನ ಪರೀಕ್ಷೆ ಮಾಡಿಸಲಿ.